ನನ್ನ ಕಾರು ಒರೆಸಿದವರು

ಆ ದಿನ ಎಸ್ಸೆಸ್ಸೆಲ್ಸಿ ಮಾಡೆಲ್ ಪರೀಕ್ಷೆಯ ಪೇಪರ್ ತಿದ್ದಲು ನಾನು ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಹೋಗಿದ್ದೆ. ಸಂಜೆ ಮನೆ ತಲುಪುವಾಗ ನನ್ನ ಕಾರು ಅಂಗಳದಲ್ಲಿ ಒದ್ದೆಯಾಗಿ ನಿಂತಿತ್ತು. ಪಕ್ಕದಲ್ಲಿ ಭಾವ ಲುಂಗಿ ಮೇಲೆತ್ತಿ ಕಟ್ಟಿಕೊಂಡು ನಿಂತಿದ್ದರು. ಭಾವ ಎಂದರೆ ನನ್ನ ಗಂಡನ ಅಣ್ಣ. ಒಂದೇ ಅಂಗಳದಲ್ಲಿ ನಮ್ಮದೊಂದು ಮನೆ, ಅವರದೊಂದು ಮನೆ. ಅವರ ಕೈಯಲ್ಲಿ ತೆಂಗಿನ ನಾರಿನ ಮುದ್ದೆಯಿತ್ತು. ಹಿತ್ತಲಲ್ಲಿ ಕರಿ ಹಿಡಿದ ಪಾತ್ರೆ ತಿಕ್ಕುವ ಅದೇ ನಾರು. ಕಾಲಬುಡದಲ್ಲಿ ಬಟ್ಟೆ ಒಗೆಯುವ ಪುಡಿ ಕಲಸಿದ ಒಂದು ಬಕೆಟ್. ಅದರ ನೊರೆ ಕೆಂಪಾಗಿತ್ತು.

“ನೋಡಿ ಟೀಚರೇ, ನಿಮ್ಮ ಕಾರು ಈಗ ಕಾರಿನ ಹಾಗೆ ಉಂಟು,” ಎಂದರು.

ನಾನು ಥ್ಯಾಂಕ್ಸ್ ಹೇಳಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಇಡೀ ದಿನ ಮಕ್ಕಳ ಉತ್ತರ ತಿದ್ದಿ ಕಣ್ಣು ಮಂಜಾಗಿತ್ತು, ಕಾರಿನ ಬಣ್ಣ ಒದ್ದೆಯಿತ್ತು, ಬೆಳಕು ಇಳಿದಿತ್ತು. ನನಗೆ ಏನೂ ಕಾಣಲಿಲ್ಲ. ಪಾಪ, ಅರುವತ್ತು ದಾಟಿದ ಮನುಷ್ಯ, ನನಗಾಗಿ ಇಷ್ಟು ಮಾಡಿದರಲ್ಲ ಎಂದು ಚಹಾ ಕೂಡ ಮಾಡಿಕೊಟ್ಟೆ.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಕಾರು ತೆಗೆಯಲು ಹೋದೆ. ಮೂಡಲ ಗುಡ್ಡದ ಮೇಲಿಂದ ಬಿಸಿಲು ಓರೆಯಾಗಿ ಬಾನೆಟ್ಟಿನ ಮೇಲೆ ಬಿದ್ದಿತ್ತು. ನನ್ನ ಕಾರಿನ ಬಣ್ಣ ಕಡುನೀಲಿ, ನೆರಳಿನಲ್ಲಿ ನೋಡಿದರೆ ಕಪ್ಪೇ. ಆ ನೀಲಿಯ ಮೇಲೆ ಬಾನೆಟ್ಟಿನ ಈ ಕೊನೆಯಿಂದ ಆ ಕೊನೆಗೆ ಜೇಡರ ಬಲೆ. ಇಬ್ಬನಿ ಇರಬೇಕು ಎಂದುಕೊಂಡು ಬೆರಳಿನಲ್ಲಿ ಮುಟ್ಟಿದೆ. ಬೆರಳು ಒಣಗಿಯೇ ಇತ್ತು. ಗೀರುಗಳು. ಒಂದರ ಮೇಲೊಂದು, ಸಾವಿರಾರು. ಬಾಗಿಲಿನ ಮೇಲೆ, ಡಿಕ್ಕಿಯ ಮೇಲೆ, ಎಲ್ಲಿ ನೋಡಿದರೂ. ನಡುನಡುವೆ ನಾರಿನ ಒರಟು ತುದಿ ಒತ್ತಿ ಎಳೆದ ದಪ್ಪ ಗೆರೆಗಳು ಬೇರೆ. ನಾನು ಬ್ಯಾಗು ನೆಲಕ್ಕಿಟ್ಟು ಕಾರಿಗೆ ಒಂದು ಸುತ್ತು ಬಂದೆ. ಆ ದಿನ ಶಾಲೆಯಲ್ಲಿ ಮೊದಲ ಪೀರಿಯಡ್ ನಾನು ಎಂತ ಪಾಠ ಮಾಡಿದೆನೋ ನನಗೆ ನೆನಪಿಲ್ಲ.

ಒಂದು ಕಾರಿಗೆ ಇಷ್ಟು ಸಂಕಟವೇ ಎಂದು ಕೇಳುವವರಿಗೆ ಅದರ ಹಿಂದಿನ ಕತೆ ಹೇಳಬೇಕು. ನಮ್ಮ ಮನೆ ಕೇರಳದ ಗಡಿಯೊಳಗಿನ ಪೈವಳಿಕೆಯಲ್ಲಿ. ನಾನು ಕಲಿಸುವ ಕನ್ನಡ ಮಾಧ್ಯಮದ ಸರಕಾರಿ ಶಾಲೆ ಎಣ್ಮಕಜೆಯ ಕಡೆ. ಇಪ್ಪತ್ತೆರಡು ವರ್ಷ ನಾನು ಎರಡು ಬಸ್ಸು ಬದಲಿಸಿ ಶಾಲೆಗೆ ಹೋದೆ. ಮೊದಲ ಬಸ್ಸು ಐದು ನಿಮಿಷ ತಡವಾದರೆ ಎರಡನೆಯದು ತಪ್ಪಿತು. ಎರಡನೆಯದು ಸಿಕ್ಕಿದರೆ ನಿಂತೇ ಪ್ರಯಾಣ. ಗರ್ಭಿಣಿಯಾಗಿದ್ದಾಗ ನಿಂತು ಹೋಗಿದ್ದೇನೆ, ಮೊಣಕಾಲು ಬಾತುಕೊಂಡಾಗಲೂ ನಿಂತು ಹೋಗಿದ್ದೇನೆ. ನನ್ನ ಗಂಡನಿಗೆ ವಯರಿಂಗ್ ಕೆಲಸ. ಅವರ ಬೈಕಿನಲ್ಲಿ ಯಾವಾಗಲೂ ವಯರಿನ ಸುರುಳಿ, ಏಣಿ, ಡ್ರಿಲ್ಲು. ಹೆಂಡತಿಗೆ ಜಾಗ ಇರುತ್ತಿರಲಿಲ್ಲ.

ನಲವತ್ತಾರನೇ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿಯಲು ಹೊರಟೆ. ಟೆಸ್ಟಿನಲ್ಲಿ ಮೊದಲ ಸಲ ‘ಎಚ್’ ಆಕಾರದಲ್ಲಿ ಕಾರು ತೆಗೆಯುವಾಗ ಕಂಬ ಬೀಳಿಸಿ ಫೇಲಾದೆ. ಆ ಸುದ್ದಿಯನ್ನು ಭಾವ ನೆಂಟರಿಷ್ಟರ ಪ್ರತಿ ಮದುವೆಯಲ್ಲಿ, ಸತ್ತವರ ಪ್ರತಿ ಬೊಜ್ಜದಲ್ಲಿ ಹೇಳಿದರು. ಮಕ್ಕಳನ್ನು ಫೇಲ್ ಮಾಡುವ ಟೀಚರ್ ತಾವೇ ಫೇಲು ಎಂದು. ಅವರು ಮೊದಲು ಬಾಯಾರಿನಿಂದ ಉಪ್ಪಳಕ್ಕೆ ಸರ್ವಿಸ್ ಜೀಪು ಓಡಿಸುತ್ತಿದ್ದವರು. ಜೀಪು ಮಾರಿ ವರ್ಷಗಳಾದರೂ ಗಾಡಿಯ ವಿಷಯದಲ್ಲಿ ನಮ್ಮ ಇಡೀ ಕುಟುಂಬಕ್ಕೆ ಅವರ ಮಾತೇ ಕಡೆಯ ಮಾತು. ಎರಡನೆಯ ಸಲ ನಾನು ಪಾಸಾದೆ. ಅದನ್ನು ಅವರು ಎಲ್ಲಿಯೂ ಹೇಳಲಿಲ್ಲ.

ಕಾರು ನನ್ನ ಸಂಬಳದಲ್ಲಿ ಬಂತು, ಆರ್‌ಸಿ ನನ್ನ ಹೆಸರಿನಲ್ಲಿ ಉಂಟು. ಬಣ್ಣ ನಾನೇ ಆರಿಸಿದ್ದು. ಬಿಳಿ ತೆಗೆದುಕೊಳ್ಳಿ, ನಮ್ಮ ಕೆಂಪು ಮಣ್ಣಿಗೆ ಕಡುಬಣ್ಣ ಆಗುವುದಿಲ್ಲ ಎಂದು ಶೋರೂಮಿನವರೂ ಹೇಳಿದರು. ನನಗೆ ಆ ನೀಲಿಯೇ ಬೇಕಿತ್ತು. ಅದಕ್ಕೊಂದು ಕಾರಣವನ್ನು ಯಾಕೆ ಕೊಡಬೇಕು? ಗಂಡಸರು ಕಾರು ತೆಗೆಯುವಾಗ ಯಾರೂ ಕಾರಣ ಕೇಳುವುದಿಲ್ಲ. ಕಾರು ಅಂಗಳಕ್ಕೆ ಬಂದ ದಿನ ಭಾವ ಫೋನಿನಲ್ಲಿ ಎಲ್ಲರಿಗೂ, “ತಮ್ಮ ಕಾರು ತೆಗೆದ,” ಎಂದರು. ನನ್ನ ಗಂಡ ಪಕ್ಕದಲ್ಲಿಯೇ ಇದ್ದು ನಗುತ್ತಿದ್ದರು. ಕೇರಳದಲ್ಲಿ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಹೆಂಗಸೇ ಆಗಬೇಕೆಂದು ನಿಯಮ. ಹಾಗಾಗಿ ಕಾಗದದಲ್ಲಿ ನಾನು ಆ ಮನೆಯ ಯಜಮಾನಿ ಕೂಡ ಹೌದು. ಕಾಗದದಲ್ಲಿ.

ಗೀರು ಕಂಡ ದಿನ ಸಂಜೆ ನಾನು ಭಾವನನ್ನು ಕರೆದು ತೋರಿಸಿದೆ. ಸಿಟ್ಟು ಮಾಡಲಿಲ್ಲ. ನಾರು ಹಾಕಿದರೆ ಗೀರು ಬೀಳುತ್ತದೆ, ಇನ್ನು ಮುಂದೆ ನಾನೇ ತೊಳೆದುಕೊಳ್ಳುತ್ತೇನೆ, ನೀವು ಕಷ್ಟಪಡಬೇಡಿ ಎಂದು ವಿದ್ಯಾರ್ಥಿಯ ತಂದೆಯೊಂದಿಗೆ ಮಾತಾಡುವಷ್ಟು ನಯವಾಗಿ ಹೇಳಿದೆ. ಅವರು ಬಗ್ಗಿ ನೋಡಿದರು. ಅದು ರೋಡಿನ ಕಲ್ಲು ಹಾರಿ ಆದದ್ದು ಎಂದರು. ಬಾನೆಟ್ಟಿಗೆ ಕಲ್ಲು ಹಾರಬಹುದು, ಕಾರಿನ ನೆತ್ತಿಯ ಮಾಡಿಗೂ ಹಾರುತ್ತದಾ ಎಂದು ಕೇಳಿದೆ. ಹಾಗಾದರೆ ಕಂಪೆನಿಯ ಪೇಂಟೇ ಸರಿಯಿಲ್ಲ ಎಂದರು. ತಾವು ಜೀಪನ್ನು ಹೊಳೆಗಿಳಿಸಿ ನಾರು ಹಾಕಿ ತಿಕ್ಕುತ್ತಿದ್ದದ್ದು, ಒಂದು ಗೀರೂ ಬಿದ್ದಿರಲಿಲ್ಲ ಎಂದರು. ಕೊನೆಗೆ, ಕಾರು ತೊಳೆಯುವುದಕ್ಕೂ ಬಿ.ಎಡ್. ಮಾಡಬೇಕಾ ಎಂದು ನಕ್ಕು ತಮ್ಮ ಮನೆಯ ಮೆಟ್ಟಿಲು ಹತ್ತಿದರು.

ನನ್ನ ಗಂಡನಿಗೆ ಹೇಳಿದೆ. ಅಣ್ಣ ಒಳ್ಳೆಯ ಮನಸ್ಸಿನಿಂದ ಮಾಡಿದ್ದು, ಬಿಡು ಎಂದರು. ಒಳ್ಳೆಯ ಮನಸ್ಸು ಎಂಬ ಮಾತು ಕೇಳಿದರೆ ಅಂದಿನಿಂದ ನನಗೆ ಮೈಯೆಲ್ಲ ಚೇಳು ಹರಿದ ಹಾಗಾಗುತ್ತದೆ. ನಮ್ಮ ಅಡಿಗೆಮನೆಯ ಕಿಟಕಿಯನ್ನು ಒಳ್ಳೆಯ ಮನಸ್ಸಿನಿಂದಲೇ ಅವರು ಚಿಕ್ಕದು ಮಾಡಿಸಿದ್ದು. ನನ್ನ ಮಗಳಿಗೆ ಸೈನ್ಸ್ ಬೇಡ, ಕಾಮರ್ಸ್ ಸಾಕು ಎಂದು ಪ್ಲಸ್ ಟು ಅರ್ಜಿ ತುಂಬಿದ್ದೂ ಒಳ್ಳೆಯ ಮನಸ್ಸಿನಿಂದಲೇ.

ಆಮೇಲಿನ ಒಂದೆರಡು ತಿಂಗಳು ಕಾರು ತೊಳೆದದ್ದು ನಾನೇ. ಆದರೆ ನನಗೂ ಸರಿಯಾಗಿ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಹಳೆಯ ಹತ್ತಿ ಸೀರೆ ಮೆತ್ತಗೆ ಇರುತ್ತದಲ್ಲ ಎಂದು ಅದನ್ನು ಹರಿದು, ಬೋರ್‌ವೆಲ್ಲಿನ ನೀರು ಹಾಕಿ, ಬಿಸಿಲಿನಲ್ಲಿ ನಿಲ್ಲಿಸಿ ತೊಳೆದೆ. ನೀರು ಒಣಗಿದಲ್ಲೆಲ್ಲ ಬಿಳಿ ಕಲೆ ಕೂತಿತು. ಕಲೆ ಹೋಗಲಿ ಎಂದು ಇನ್ನಷ್ಟು ಉಜ್ಜಿದೆ. ಗೀರು ಕಡಿಮೆಯಾಗುವ ಬದಲು ಹೆಚ್ಚಾದ ಹಾಗೆ ಕಂಡಿತು. ಅದು ನನ್ನ ಕಣ್ಣಿನ ಭ್ರಮೆ ಎಂದುಕೊಂಡೆ.

ವಿಷುವಿನ ಮರುವಾರ ಭಾವನ ಮಗಳ ನಿಶ್ಚಿತಾರ್ಥ. ಹುಡುಗನ ಕಡೆಯವರು ಬೆಳ್ಳೂರಿನಿಂದ ಹನ್ನೊಂದು ಗಂಟೆಗೆ ಬರುವುದೆಂದು. ಅಂಗಳದಲ್ಲಿ ಶಾಮಿಯಾನ, ಕುರ್ಚಿ, ನಮ್ಮ ಕಡೆಯ ನೆಂಟರು ಆಗಲೇ ಬಂದು ಕುಳಿತಿದ್ದರು. ನಾನು ಬೆಳಿಗ್ಗೆ ಐದರಿಂದ ಅಕ್ಕನ ಜೊತೆ, ಅಂದರೆ ಭಾವನ ಹೆಂಡತಿಯ ಜೊತೆ, ಅಡಿಗೆಯವರಿಗೆ ಬೇಕಾದದ್ದನ್ನು ಎತ್ತಿಕೊಡುವುದರಲ್ಲಿ ಇದ್ದೆ. ರೇಷ್ಮೆ ಸೀರೆ ಉಟ್ಟು ಜ್ಯೂಸಿನ ತಟ್ಟೆ ಹಿಡಿದು ಹೊರಗೆ ಬರುವಾಗ ಭಾವ ನನ್ನ ಕಾರಿನ ಹತ್ತಿರ ಇದ್ದರು. ನಮ್ಮ ಮನೆಯ ಮುಂದಿನ ದಾರಿಯಲ್ಲಿ ಕೆಂಪು ಮುರಕಲ್ಲಿನ ಲಾರಿಗಳು ಓಡುತ್ತವೆ. ಎರಡು ದಿನ ತೊಳೆಯದಿದ್ದರೆ ಕಾರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಧೂಳು ಕೂರುತ್ತದೆ. ಭಾವ ಹಗ್ಗದಲ್ಲಿ ಒಣಗಲು ಹಾಕಿದ್ದ ಮೈ ಒರೆಸುವ ಬೈರಾಸನ್ನು ಎಳೆದು, ಒಂದು ಹನಿ ನೀರಿಲ್ಲದೆ, ಆ ಒಣ ಧೂಳಿನ ಮೇಲೆ ಗರಗರ ತಿರುಗಿಸಿ ಒರೆಸುತ್ತಿದ್ದರು. ದೋಸೆ ಕಾವಲಿಗೆ ಎಣ್ಣೆ ಹಚ್ಚುವ ಹಾಗೆ.

ತಟ್ಟೆಯನ್ನು ಹತ್ತಿರದವರ ಕೈಗೆ ಕೊಟ್ಟು ನಾನು ಹೋದೆ. ಭಾವ, ಬಿಡಿ, ನೀರು ಹಾಕದೆ ಒರೆಸಬೇಡಿ ಎಂದೆ. ಅವರು ಕೈ ನಿಲ್ಲಿಸಲಿಲ್ಲ. ಜನ ಬರುವ ಹೊತ್ತಾಯಿತು, ಧೂಳು ಹಿಡಿದ ಕಾರು ಅಂಗಳದಲ್ಲಿದ್ದರೆ ನೋಡಿದವರು ಎಂತ ಹೇಳಿಯಾರು ಎಂದರು. ನಾನು ಇನ್ನೊಮ್ಮೆ ಹೇಳಿದೆ. ಈಗ ಆಯ್ತು ಟೀಚರೇ ಎಂದು ಅವರು ಬಾಗಿಲಿನ ಕಡೆ ತಿರುಗಿದರು.

ನಾನು ಬೈರಾಸನ್ನು ಅವರ ಕೈಯಿಂದ ಎಳೆದುಕೊಂಡೆ.

“ಇದು ನನ್ನ ಕಾರು. ನನ್ನ ಹತ್ತಿರ ಕೇಳದೆ ಇನ್ನು ಇದರ ಮೇಲೆ ಕೈ ಇಡಬೇಡಿ.”

ನನ್ನ ಸ್ವರ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ನಲವತ್ತು ಮಕ್ಕಳ ಕ್ಲಾಸಿನ ಕೊನೆಯ ಬೆಂಚಿಗೆ ಮುಟ್ಟುವ ಸ್ವರ ಅದು. ಆ ಅಂಗಳದಲ್ಲಿ ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಭಾವನ ಮುಖ ಕಪ್ಪಿಟ್ಟಿತು. ಒಂದು ತಗಡಿನ ಡಬ್ಬಿಗೆ ಇಷ್ಟು ಅಹಂಕಾರ ಎಂದು ತಿಳಿದಿರಲಿಲ್ಲ ಎಂದು ಅವರು ನನಗಲ್ಲ, ನೆಂಟರಿಗೆ ಹೇಳಿದರು. ಅಷ್ಟರಲ್ಲಿ ನನ್ನ ಗಂಡ ಓಡಿ ಬಂದು ನನ್ನ ಮೊಣಕೈ ಹಿಡಿದರು.

“ಒಳಗೆ ಹೋಗು ಮಾರಾಯ್ತಿ. ಆಮೇಲೆ ಮಾತಾಡುವ.”

ಒಳಗೆ ಹೋಗು. ಅವರು ಬೇರೆ ಏನು ಹೇಳಿದ್ದರೂ ಬಹುಶಃ ನಾನು ತಡೆದುಕೊಳ್ಳುತ್ತಿದ್ದೆ. ನಾನು ಒಳಗೆ ಹೋದೆ, ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದೆ, ಹೊರಗೆ ಬಂದು ಕಾರು ಹತ್ತಿದೆ. ಕುರ್ಚಿಗಳ ನಡುವಿನಿಂದ ರಿವರ್ಸ್ ತೆಗೆದು ರಸ್ತೆಗಿಳಿದೆ. ಒಂದು ಕುರ್ಚಿಗೂ ತಾಗಲಿಲ್ಲ. ಇಳಿಜಾರಿನಲ್ಲಿ ಹುಡುಗನ ಕಡೆಯವರ ಎರಡು ಗಾಡಿಗಳು ಎದುರು ಬಂದವು. ಬದಿಗೆ ಸರಿದು ಅವಕ್ಕೆ ದಾರಿ ಕೊಟ್ಟು ಮುಂದೆ ಹೋದೆ.

ಅಂದು ಭಾವನ ಮಗಳ ಸಮಾರಂಭವನ್ನು ಬಿಟ್ಟು ಹೋದದ್ದು ತಪ್ಪು. ಮೂರು ದಿನದ ಮೇಲೆ ಅವಳಲ್ಲಿ ಕ್ಷಮೆ ಕೇಳಿದೆ. ಅವಳಲ್ಲಿ ಮಾತ್ರ. ಅವಳು ನನ್ನ ಕೈ ಹಿಡಿದು, ಅಪ್ಪನಿಗೆ ಯಾರಾದರೊಬ್ಬರು ಅದನ್ನು ಹೇಳಬೇಕಿತ್ತು ಚಿಕ್ಕಮ್ಮ ಎಂದು ಮೆಲ್ಲ ಹೇಳಿದಳು.

ಎಲ್ಲಿಗೆ ಹೋಗುವುದೆಂದು ನಾನು ಯೋಚಿಸಿರಲಿಲ್ಲ. ಉಪ್ಪಳ ಬಂದಾಗ ಕಾರಿಗೆ ಪೇಂಟ್ ಹೊಡೆಯುವವರೊಬ್ಬರ ಶೆಡ್ ನೆನಪಾಯಿತು. ಹಿಂದೊಮ್ಮೆ ಬಸ್ಸೊಂದು ಉಜ್ಜಿ ಬಂಪರ್ ಬಣ್ಣ ಹೋದಾಗ ಅಲ್ಲಿ ಸರಿ ಮಾಡಿಸಿದ್ದೆ. ಹೈವೇ ಅಗಲ ಮಾಡಿದ ಮೇಲೆ ಅವರ ಶೆಡ್ಡು ಸರ್ವಿಸ್ ರಸ್ತೆಗಿಂತ ಒಂದಾಳು ತಗ್ಗಿನಲ್ಲಿ ಉಳಿದಿದೆ. ಇಳಿದು ಹೋದೆ. ಅವರು ಬ್ಯಾರಿ ಮುಸ್ಲಿಮರು, ನನಗಿಂತ ಹತ್ತು ವರ್ಷ ದೊಡ್ಡವರು, ಕಡಿಮೆ ಮಾತಿನವರು. ರೇಷ್ಮೆ ಸೀರೆ, ಮಲ್ಲಿಗೆ, ಬೆವರು, ಕೆಂಪು ಕಣ್ಣು. ನನ್ನ ಅವತಾರ ಅದು. ಸ್ಟೂಲು ಕೊಟ್ಟು, ಎದುರಿನ ಅಂಗಡಿಯಿಂದ ಒಂದು ಸುಲೈಮಾನಿ ಚಹಾ ತರಿಸಿದರು.

ನಾನು ಕಾರು ನೋಡಿ ಎಂದೆ. ಅವರು ಮೊಬೈಲಿನ ಟಾರ್ಚು ಹಿಡಿದು ಬಾನೆಟ್ಟು, ಬಾಗಿಲು, ಮಾಡು ಎಲ್ಲ ನೋಡಿದರು. ನಾನು ಚಹಾ ಕುಡಿದು ಮುಗಿಸುವವರೆಗೂ ನೋಡಿದರು.

“ಇದು ರೋಡಿನ ಕೆಲಸ ಅಲ್ಲ ಟೀಚರೇ. ಇದು ಮನೆಯ ಕೆಲಸ.”

ಅಲ್ಲಿಯವರೆಗೆ ಬಿಗಿಹಿಡಿದಿದ್ದ ನಾನು ಅಳಲು ತೊಡಗಿದೆ. ಯಾರಾದರೊಬ್ಬರು ನಾನು ಕಂಡದ್ದನ್ನೇ ಕಂಡೆ ಎಂದು ಹೇಳಿದರಲ್ಲ, ಅದಕ್ಕೆ. ಅವರು ಮುಖ ತಿರುಗಿಸಿ ಮೂಲೆಯಿಂದ ಒಂದು ಹಳೆಯ ಕಪ್ಪು ಬಾಗಿಲು ಎತ್ತಿ ತಂದು ಎರಡು ಮರದ ತುಂಡುಗಳ ಮೇಲೆ ಮಲಗಿಸಿದರು. ಅದರ ಅರ್ಧ ಭಾಗವನ್ನು ತಾವು ಪಾಲಿಶ್ ಮಾಡಿ ಕನ್ನಡಿಯ ಹಾಗೆ ಮಾಡಿದ್ದರು. ನೆಲದಿಂದ ಒಂದು ಚಿಟಿಕೆ ಕೆಂಪು ಧೂಳು ತೆಗೆದು ಆ ಹೊಳೆಯುವ ಭಾಗದ ಮೇಲೆ ಉದುರಿಸಿ, ಒಣ ಬಟ್ಟೆಯಲ್ಲಿ ನಾಲ್ಕು ಸುತ್ತು ಉಜ್ಜಿ ಟಾರ್ಚು ಹಿಡಿದರು. ನನ್ನ ಬಾನೆಟ್ಟಿನ ಜೇಡರ ಬಲೆ ಅಲ್ಲಿ ಹುಟ್ಟಿತ್ತು.

ಧೂಳೆಂದರೆ ಮಣ್ಣಲ್ಲ, ಕಲ್ಲಿನ ಪುಡಿ ಎಂದರು. ಬಣ್ಣದ ಮೇಲೆ ಒಂದು ತೆಳ್ಳಗಿನ ಪಾರದರ್ಶಕ ಪದರ ಇರುತ್ತದೆ, ಗೀರು ಬೀಳುವುದು ಅದಕ್ಕೆ. ನಾರು ಹೋಗಲಿ, ಧೂಳು ಮೇಲಿರುವಾಗ ರೇಷ್ಮೆಯಲ್ಲಿ ಒರೆಸಿದರೂ ಗೀರು ಬೀಳುತ್ತದೆ. ಅಂದರೆ ನನ್ನ ಹತ್ತಿ ಸೀರೆಯೂ ಅದನ್ನೇ ಮಾಡಿತ್ತು. ಅದನ್ನು ನಾನು ಅವರಿಗೆ ಹೇಳಿದೆ.

ಆಮೇಲೆ ಅವರು ನನಗೆ ಕಾರು ತೊಳೆಯಲು ಕಲಿಸಿದರು. ಬಾಯಲ್ಲಿ ಹೇಳಿದ್ದಲ್ಲ, ನನ್ನ ಕೈಯಲ್ಲಿ ಆ ಬಾಗಿಲನ್ನು ತೊಳೆಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ತೊಳೆದೆ. ಮೊದಲು ಏನನ್ನೂ ಮುಟ್ಟದೆ ಬರೀ ನೀರು ಹಾಯಿಸಬೇಕು. ಉದುರುವ ಧೂಳೆಲ್ಲ ತಾನಾಗಿ ಇಳಿದುಹೋಗುವವರೆಗೆ ಕೈ ಕಟ್ಟಿ ನಿಲ್ಲಬೇಕು. ಎರಡು ಬಕೆಟ್ ಬೇಕು, ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆ ಒಗೆಯುವ ಪುಡಿ ಕೂಡದು. ನಯವಾದ ಮೈಕ್ರೋಫೈಬರ್ ಬಟ್ಟೆಯನ್ನು ನೊರೆಯಲ್ಲಿ ಅದ್ದಿ ಮಾಡಿನಿಂದ ಶುರು ಮಾಡಿ ಕೆಳಗೆ ಬರಬೇಕು, ನೇರಕ್ಕೆ ಎಳೆಯಬೇಕು, ಸುತ್ತು ತಿರುಗಿಸಬಾರದು, ಒತ್ತಬಾರದು. ಪ್ರತಿ ಸಲ ಬರೀ ನೀರಿನ ಬಕೆಟಿನಲ್ಲಿ ಬಟ್ಟೆ ಜಾಲಾಡಿಸಿದ ಮೇಲೆಯೇ ಮತ್ತೆ ನೊರೆಗೆ. ಇಲ್ಲದಿದ್ದರೆ ಆ ಕಲ್ಲಿನ ಪುಡಿಯನ್ನೇ ತಿರುಗಿ ಕಾರಿಗೆ ಹಚ್ಚಿದ ಹಾಗೆ. ಚಕ್ರಕ್ಕೆ ಬೇರೆಯೇ ಬಟ್ಟೆ, ಬೇರೆಯೇ ಬಕೆಟ್. ಬಟ್ಟೆ ನೆಲಕ್ಕೆ ಬಿದ್ದರೆ ಅವತ್ತಿಗೆ ಅದರ ಕತೆ ಮುಗಿಯಿತು.

ನಾನು ಉಜ್ಜುವಾಗ ಅವರು ಎರಡು ಸಲ ನನ್ನನ್ನು ನಿಲ್ಲಿಸಿದರು.

“ಸಿಟ್ಟು ಕೈಯಲ್ಲಿ ಉಂಟು ಟೀಚರೇ. ಕೈ ಹಗುರ ಮಾಡಿ.”

ಒಣಗಿಸುವುದು ತೊಳೆಯುವುದಕ್ಕಿಂತ ಕಷ್ಟ. ಪೈಪಿನ ತುದಿಯ ಗನ್ನು ತೆಗೆದು ನೀರನ್ನು ಮೆಲ್ಲ ಹರಿಯಲು ಬಿಟ್ಟರೆ ಅದು ಒಂದು ಹಾಳೆಯ ಹಾಗೆ ಜಾರಿಹೋಗುತ್ತದೆ, ಹಿಂದೆ ಕೆಲವೇ ಹನಿ ಉಳಿಯುತ್ತವೆ. ಉಳಿದದ್ದರ ಮೇಲೆ ದಪ್ಪದ ಟವೆಲನ್ನು ಹಾಸಿ ಎರಡು ಮೂಲೆ ಹಿಡಿದು ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಉಜ್ಜುವ ಮಾತೇ ಇಲ್ಲ. ಬಿಸಿಲಲ್ಲಿ ತೊಳೆಯಬಾರದು, ಕಾರು ತಣ್ಣಗಿರಬೇಕು. ನೀರು ಯಾವುದು ಎಂದು ಕೇಳಿದರು. ಬೋರಿನದ್ದು ಎಂದೆ. ಮನೆಯಲ್ಲಿ ಸುರಂಗ ಇಲ್ಲವಾ ಎಂದರು. ಇತ್ತು. ಮನೆಯ ಹಿಂದಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ವರ್ಷವಿಡೀ ಹೆಬ್ಬೆರಳಿನ ದಪ್ಪದ ನೀರು ಹರಿದು ಹೊಂಡಕ್ಕೆ ಬೀಳುತ್ತದೆ. ಅದನ್ನು ಉಪಯೋಗಿಸಿ, ಕಲೆ ಬೀಳುವುದಿಲ್ಲ ಎಂದರು.

ಬಾನೆಟ್ಟಿನ ಗೀರನ್ನು ಅವರು ಅಂದೇ ಸ್ವಲ್ಪ ಪಾಲಿಶ್ ಮಾಡಿಕೊಟ್ಟರು. ಮುಕ್ಕಾಲು ಪಾಲು ಹೋಯಿತು. ನಾರಿನ ದಪ್ಪ ಗೆರೆಗಳು ಹೋಗಲಿಲ್ಲ. ಅದನ್ನು ತೆಗೆಯಲು ಹೋದರೆ ಮೇಲಿನ ಪದರವೇ ಹೋದೀತು, ಹಾಗೆ ಪದೇಪದೇ ಮಾಡಲಿಕ್ಕಿಲ್ಲ ಎಂದರು.

ಮಧ್ಯಾಹ್ನ ಮೂರು ಗಂಟೆಗೆ ನಾನು ಮನೆಗೆ ಬಂದೆ. ಹುಡುಗನ ಕಡೆಯವರು ಊಟ ಮಾಡಿ ಹೋಗಿದ್ದರು. ಶಾಮಿಯಾನ ಬಿಚ್ಚುತ್ತಿದ್ದರು. ಯಾರೂ ನನ್ನೊಂದಿಗೆ ಮಾತಾಡಲಿಲ್ಲ. ಅಕ್ಕ ಮಾತ್ರ ಬಾಳೆಲೆಯಲ್ಲಿ ಮುಚ್ಚಿಟ್ಟ ಊಟ ತಂದು ಮೇಜಿನ ಮೇಲಿಟ್ಟು ಹೋದರು.

ಆ ವಾರವಿಡೀ ನನ್ನ ಗಂಡನದು ಒಂದೇ ಮಾತು. ಒಂದು ಸಲ ಅಣ್ಣನಿಗೆ ಸಾರಿ ಹೇಳು, ಮುಗಿಯಿತು. ಹಿರಿಯರು, ಮಗಳ ನಿಶ್ಚಿತಾರ್ಥದ ದಿನ, ನಾಲ್ಕು ಜನರ ಎದುರು. ಅವರ ಮಗಳ ವಿಷಯಕ್ಕೆ ನಾನು ಆ ಮಗಳ ಹತ್ತಿರವೇ ಹೇಳಿದ್ದೇನೆ ಎಂದೆ. ಅಣ್ಣನ ಹತ್ತಿರ ಹೇಳಬೇಕಾದರೆ ಅವರು ಮೊದಲು ನನ್ನ ಹತ್ತಿರ ಹೇಳಬೇಕು ಎಂದೆ. ಅವರು ಎಂತಕ್ಕೆ ಹೇಳಬೇಕು ಎಂದು ನನ್ನ ಗಂಡ ನಿಜವಾಗಿಯೂ ಅರ್ಥವಾಗದೆ ಕೇಳಿದರು. ಜಗಳವಾಡಲೆಂದು ಕೇಳಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ನಾನು ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಬಾನೆಟ್ಟಿನಲ್ಲಿ ಉಳಿದ ಗೆರೆಗಳ ಮೇಲೆ ಅವರ ಬೆರಳನ್ನು ಹಿಡಿದು ಓಡಿಸಿದೆ. ಉಗುರಿಗೆ ತಾಗುತ್ತದಾ ಎಂದು ಕೇಳಿದೆ. ತಾಗುತ್ತದೆ ಎಂದರು. ಇದಕ್ಕೆ ಎಂದೆ. ಸಾರಿ ಯಾರೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಆರೂವರೆಗೆ, ಬಿಸಿಲು ಅಂಗಳಕ್ಕೆ ಇಳಿಯುವ ಮೊದಲು, ನಾನು ಸುರಂಗದ ಹೊಂಡದಿಂದ ನೀರು ಹೊತ್ತು ತಂದು ಕಾರು ತೊಳೆಯುವುದು ಶುರುವಾಯಿತು. ಬೇಕೆಂದೇ ಭಾವನ ಜಗಲಿಗೆ ಕಾಣುವ ಹಾಗೆ ನಿಲ್ಲಿಸುತ್ತಿದ್ದೆ. ಅವರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಒಂದು ಕಾರಿಗೆ ಮೂರು ಬಕೆಟ್ಟು, ಎಷ್ಟು ಟವೆಲು ಎಂದು ಅವರ ಮನೆಗೆ ಬಂದವರು ನಗುವುದು ನನಗೆ ಕೇಳುತ್ತಿತ್ತು. ನಾನು ಕೈ ಹಗುರ ಮಾಡಿ ಎಳೆಯುತ್ತಿದ್ದೆ. ಸಿಟ್ಟು ಹೋಗಿರಲಿಲ್ಲ, ಕೈ ಮಾತ್ರ ಹಗುರ.

ಮಳೆಗಾಲ ಮುಗಿದು ಮದುವೆಯಾಯಿತು. ಅಳಿಯ ಗಲ್ಫಿನಲ್ಲಿರುವವನು. ಮದುವೆಯ ರಜೆಗೆ ಬಂದವನು ಒಂದು ಹೊಸ ಕಾರು ತೆಗೆದ. ಅದೂ ಕಡುಬಣ್ಣದ್ದೇ, ಪೂರಾ ಕಪ್ಪು. ಹೆಂಡತಿಯನ್ನು ಕರೆದುಕೊಂಡು ವಿಮಾನ ಹತ್ತುವ ಮೊದಲು ಕಾರನ್ನು ಮಾವನ ಅಂಗಳದಲ್ಲಿ ಬಿಟ್ಟುಹೋದ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ತೊಳೆದಿಡಿ ಎಂದು ಹೇಳಿ ಹೋದ. ಮರುದಿನದಿಂದ ನಾನು ನನ್ನ ಕಣ್ಣನ್ನು ನಂಬಲಾರದೆ ಹೋದೆ. ಭಾವ ಆ ಕಾರಿನ ಹತ್ತಿರ ನಾರು ತರಲಿಲ್ಲ, ಬೈರಾಸು ತರಲಿಲ್ಲ. ಹತ್ತು ದಿನ ಅದನ್ನು ಮುಟ್ಟಲೇ ಇಲ್ಲ. ದೂರ ನಿಂತು ನೋಡುತ್ತಿದ್ದರು. ಆಮೇಲೆ ಒಂದು ಸಂಜೆ ನನ್ನ ಗಂಡ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಆ ಎರಡು ಬಕೆಟಿನ ಕ್ರಮ ಎಂತದು ಎಂದು ಕೇಳಿದರು. ಯಾರಿಗೆ ಎಂದೆ. ಅಣ್ಣ ಕೇಳಿದ, ಅಳಿಯನ ಕಾರಲ್ವಾ, ಒಂದು ಗೀರು ಬಿದ್ದರೆ ಮರ್ಯಾದೆಯ ಪ್ರಶ್ನೆ ಎಂದರು.

ಕೈಯಲ್ಲಿ ಸಾರಿನ ಸೌಟು ಇತ್ತು. ಅದನ್ನು ನಾನು ಎಸೆಯಲಿಲ್ಲ, ಮೆಲ್ಲ ಕೆಳಗಿಟ್ಟೆ. ಅಳಿಯನ ಕಾರಿಗೆ ಗೀರು ಬಿದ್ದರೆ ಮರ್ಯಾದೆಯ ಪ್ರಶ್ನೆ. ಹಾಗಾದರೆ ಗೀರು ಎಂಬುದು ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ಜೀಪಿನ ಕತೆಯೂ ಕಂಪೆನಿಯ ಪೇಂಟಿನ ಕತೆಯೂ ಬಾಯಿಮಾತು. ಕೇಳಬೇಕಾದವರು ಬಂದು ಕೇಳಲಿ ಎಂದೆ. ಎರಡು ದಿನ ಬಿಟ್ಟು ಭಾವ ಬಂದರು. ನನ್ನ ಮುಖ ನೋಡದೆ ಬಕೆಟಿನ ಕಡೆ ನೋಡಿ ಕೇಳಿದರು. ನಾನು ಹೇಳಿಕೊಟ್ಟೆ. ಉಪ್ಪಳದ ಆ ಮನುಷ್ಯ ನನಗೆ ಏನೂ ಮುಚ್ಚಿಡದೆ ಹೇಳಿಕೊಟ್ಟಿದ್ದರು, ನಾನು ಮುಚ್ಚಿಡುವುದು ಸರಿಯಲ್ಲ ಎನ್ನಿಸಿತು. ಎಲ್ಲ ಮುಗಿದ ಮೇಲೆ, ನನ್ನ ಕಾರನ್ನು ನೀವು ಹಾಳು ಮಾಡಿದಿರಿ ಭಾವ ಎಂದೆ. ಅವರಿಗೆ ಕೇಳಿಸಿತು. ಹ್ಞೂಂ ಎಂದು ಕೆಮ್ಮಿದರೋ, ಗಂಟಲು ಸರಿಮಾಡಿಕೊಂಡರೋ, ಬಕೆಟ್ ಹಿಡಿದು ಹೋದರು.

ಇದಾಗಿ ತಿಂಗಳಾಗಿರಬೇಕು. ಅಳಿಯನ ತಂದೆತಾಯಿ ಬೆಳ್ಳೂರಿನಿಂದ ಬಂದಿದ್ದರು. ಎಲ್ಲರೂ ಅಂಗಳದಲ್ಲಿ ಕಪ್ಪು ಕಾರಿನ ಸುತ್ತ ನಿಂತಿದ್ದರು. ಕಾರು ನೋಡಿ ಬೀಗರು, ಶೋರೂಮಿನಲ್ಲಿದ್ದ ಹಾಗೆಯೇ ಇಟ್ಟಿದ್ದೀರಲ್ಲ ಎಂದರು. ಭಾವ ಎದೆಯುಬ್ಬಿಸಿ ವಿವರಿಸತೊಡಗಿದರು. ಧೂಳೆಂದರೆ ಮಣ್ಣಲ್ಲ, ಕಲ್ಲಿನ ಪುಡಿ. ಸುತ್ತು ತಿರುಗಿಸಿ ಒರೆಸುವುದು ತಿಳಿಯದವರ ಕೆಲಸ. ಸುರಂಗದ ನೀರೇ ಆಗಬೇಕು. ನಾನು ಚಹಾ ತಟ್ಟೆ ಹಿಡಿದು ಅಲ್ಲಿಯೇ ಇದ್ದೆ. ಒಂದೊಂದು ವಾಕ್ಯವೂ ನನ್ನದೇ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಬೀಗರು ಕೇಳಿದರು. ಜೀಪು ಓಡಿಸಿದವನಿಗೆ ಇದೆಲ್ಲ ಹೇಳಿಕೊಡಬೇಕಾ ಎಂದು ಭಾವ ನಕ್ಕರು.

“ನಾನು ಹೇಳಿಕೊಟ್ಟದ್ದು,” ಎಂದೆ. “ನನ್ನ ಕಾರಿಗೆ ಅವರು ನಾರು ಹಾಕಿ ತಿಕ್ಕಿದ ಮೇಲೆ.”

ಎಲ್ಲರೂ ನಕ್ಕರು. ಟೀಚರ್ ತಮಾಷೆ ಮಾಡುತ್ತಾರೆ ಎಂದು ಬೀಗಿತ್ತಿಯೂ ನಕ್ಕರು. ಭಾವ ಎಲ್ಲರಿಗಿಂತ ಜೋರು ನಕ್ಕರು. ಅಂಗಳದ ನಡುವೆ ಕಿರುಚಿದರೆ ಅಹಂಕಾರ, ಮೆಲ್ಲ ಹೇಳಿದರೆ ತಮಾಷೆ. ಇನ್ನು ಯಾವ ಸ್ವರದಲ್ಲಿ ಹೇಳಬೇಕು ಎಂದು ನನಗೆ ತಿಳಿಯಲಿಲ್ಲ. ಆಗ ಏಣಿ ಕಟ್ಟಿದ ಬೈಕಿನ ಹತ್ತಿರ ನಿಂತಿದ್ದ ನನ್ನ ಗಂಡ ನಗದೆ ಹೇಳಿದರು.

“ತಮಾಷೆ ಅಲ್ಲ. ಅವಳೇ ಹೇಳಿಕೊಟ್ಟದ್ದು. ಅಣ್ಣನಿಗೆ ಗೊತ್ತಿರಲಿಲ್ಲ.”

ನಗು ಅಲ್ಲಿಗೆ ನಿಂತಿತು. ಭಾವ ಚಹಾ ತೆಗೆದುಕೊಂಡರು, ಬೀಗರು ಅಡಿಕೆಯ ಧಾರಣೆ ಕೇಳಿದರು, ಮಾತು ಬೇರೆ ಕಡೆ ಹೋಯಿತು.

ನಾನು ಸಂತೋಷಪಡಬೇಕಿತ್ತೇನೋ. ನನಗೆ ಬಂದದ್ದು ಸಿಟ್ಟು. ಅದು ಇಷ್ಟು ಸುಲಭದ ಮಾತಾಗಿತ್ತೇ? ಮೂರು ವಾಕ್ಯ, ಒಂದು ಉಸಿರು. ಬೀಗರು ಹೋದ ಮೇಲೆ ನಾನು ನನ್ನ ಗಂಡನನ್ನು ಕೇಳಿದೆ. ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು. ಕಾರಿನದ್ದು ಮಾತ್ರವಲ್ಲ, ಕಿಟಕಿಯದ್ದು, ಮಗಳ ಅರ್ಜಿಯದ್ದು, ಎಲ್ಲದ್ದೂ. ಅವರು ವಯರಿನ ಸುರುಳಿ ಸುತ್ತುತ್ತಿದ್ದರು. ಹೇಳಬೇಕೆಂದು ತೋಚಲಿಲ್ಲ ಎಂದರು. ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟದ್ದು.

ಸಿಟ್ಟು ಇನ್ನೂ ಉಂಟು, ಇಳಿಯುವ ಆತುರವೂ ನನಗೆ ಇಲ್ಲ. ಮಗಳು ಈಗ ಕಾಮರ್ಸ್ ಬಿಟ್ಟು ತನಗೆ ಬೇಕಾದ ಕೋರ್ಸಿಗೆ ಅರ್ಜಿ ಹಾಕುತ್ತೇನೆ ಎನ್ನುತ್ತಿದ್ದಾಳೆ. ಮೊನ್ನೆ ಭಾವ ಆ ವಿಷಯ ಎತ್ತಲು ನಮ್ಮ ಜಗಲಿಗೆ ಬಂದರು. ಅವರು ಕುಳಿತುಕೊಳ್ಳುವ ಮೊದಲೇ ನನ್ನ ಗಂಡ, ಅದನ್ನು ಅವಳ ಅಮ್ಮನ ಹತ್ತಿರ ಕೇಳು ಅಣ್ಣ ಎಂದರು. ನಾನು ಒಳಗಿನಿಂದ ಹೊರಗೆ ಬಂದು ಕುರ್ಚಿ ಎಳೆದುಕೊಂಡು ಅವರ ಎದುರು ಕುಳಿತೆ.